ಸಂಪಾದಕರ ಉತ್ತರ: ಅಳಿಯನ ಸಿಟ್ಟು ಸರಿಯಾಗಿಯೇ ಇದೆ, ಮಾಸ್ತರೇ

ಹೊನ್ನಾವರದ ನಿವೃತ್ತ ಮಾಸ್ತರರೊಬ್ಬರು ದುಂಡಗಿನ ಅಕ್ಷರದಲ್ಲಿ ಉದ್ದದ ಪತ್ರ ಬರೆದಿದ್ದಾರೆ, ಜೊತೆಗೆ ಒಂದು ಪುಸ್ತಕವನ್ನೂ ಕಳಿಸಿದ್ದಾರೆ. ವಿಷಯ ಇಷ್ಟು. ಅವರ ಸೋದರಳಿಯ ಕುಮಟೆಯಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದಾನೆ. ಅವನೂ ಅವನ ಶಾಲಾ ದಿನಗಳ ಗೆಳೆಯನೂ ಸೇರಿ ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯ ಮೇಲೆ ಪುಸ್ತಕ ಮಾಡಿದರು. ಗೆಳೆಯ ಬರೆದ, ಅಳಿಯ ಸ್ವಂತ ಪೆಟ್ರೋಲು ಸುಟ್ಟು ಚಿತ್ರ ತೆಗೆದ. ಪುಸ್ತಕ ಹೊರಬಂದ ಮೇಲೆ ಗೆಳೆಯನಿಗೆ ತಾಲೂಕು ಸಾಹಿತ್ಯ ಸಮ್ಮೇಳನದ ಗೋಷ್ಠಿಗೆ ಕರೆ ಬಂತು, ಅಲ್ಲಿ ಇಲ್ಲಿ ಶಾಲು ಬಿತ್ತು. ಅಳಿಯನ ಹೆಸರು ಮುಖಪುಟದಲ್ಲಿಲ್ಲ. ಒಳಗೆ ಡಿಟಿಪಿ ಮಾಡಿದವರ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿದೆ. ಎರಡನೇ ಪುಸ್ತಕಕ್ಕೆ ಒಂದು ಚಿತ್ರವನ್ನೂ ಕೊಡುವುದಿಲ್ಲ ಎಂದು ಅವನೀಗ ಹಟ ಹಿಡಿದು ಕೂತಿದ್ದಾನೆ. "ಪುಸ್ತಕವೆಂದರೆ ಬರಹ, ಚಿತ್ರ ಅದಕ್ಕೊಂದು ಶೋಭೆ. ಮೊಬೈಲು ಬಂದ ಮೇಲೆ ಚಿತ್ರ ಯಾರು ತೆಗೆಯುವುದಿಲ್ಲ ಹೇಳಿ? ಅವನು ನಿಮ್ಮ ಪತ್ರಿಕೆ ಓದುತ್ತಾನೆ, ನಾಲ್ಕು ಬುದ್ಧಿಮಾತು ಬರೆಯಿರಿ" ಎಂಬುದು ಮಾಸ್ತರರ ಕೋರಿಕೆ.

ಬರೆಯುತ್ತೇನೆ. ಆದರೆ ಅವನಿಗಲ್ಲ, ನಿಮಗೆ.

ನೀವು ಕಳಿಸಿದ ಪುಸ್ತಕದಲ್ಲಿ ಬೆಳಚು, ಅಂದರೆ ಕೆಸರಿನ ಚಿಪ್ಪುಮೀನು, ಆರಿಸುವ ಹೆಂಗಸರ ಅಧ್ಯಾಯವೊಂದಿದೆ. ಎಡಪುಟದಲ್ಲಿ ಗೆಳೆಯನ ಬರಹ: ಶ್ರಮವೇ ದೇವರೆಂದು ನಂಬಿದ ತಾಯಂದಿರು, ಜೀವನದಿ, ಬೆವರಿನ ಬೆಲೆ, ಇತ್ಯಾದಿ. ತಪ್ಪಿಲ್ಲದ ಕನ್ನಡ. ಅದನ್ನೇ ಎತ್ತಿ ಗೇರುಬೀಜ ಕಾರ್ಖಾನೆಯ ಹೆಂಗಸರಿಗೋ ಮಲೆನಾಡಿನಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರಿಗೋ ಹಚ್ಚಿದರೂ ನಡೆಯುತ್ತದೆ. ಬಲಪುಟದಲ್ಲಿ ಅಳಿಯನ ಚಿತ್ರ. ಮೊಣಕೈವರೆಗೆ ಕೆಸರು ಮೆತ್ತಿದ ಒಂದು ಕೈ, ಅಷ್ಟೇ. ಚಿಪ್ಪಿನ ಅಂಚು ಕೊಯ್ಯದಿರಲೆಂದು ಎರಡು ಬೆರಳಿಗೆ ಹಳೇ ಸೀರೆಯ ಚಿಂದಿ ಸುತ್ತಿಕೊಂಡಿದ್ದಾಳೆ. ಚಿಂದಿಯ ಅಂಚಿನಲ್ಲಿ ಜರಿ ಇನ್ನೂ ಉಳಿದಿದೆ, ಮದುವೆ ಮನೆಗೆ ಉಟ್ಟು ಹೋದ ಸೀರೆಯೇ ಇರಬೇಕು. ಬರಹದಲ್ಲಿ ಈ ಚಿಂದಿ ಎಲ್ಲಿಯೂ ಇಲ್ಲ ಮಾಸ್ತರೇ, ನಾನು ಹುಡುಕಿದೆ. ಹೀಗಿರುವಾಗ ಯಾರು ಯಾರಿಗೆ ಶೋಭೆ?

ಆ ಚಿತ್ರ ಮೊಬೈಲು ಎತ್ತಿದ ಕೂಡಲೇ ಬರುವಂಥದ್ದಲ್ಲ ಎಂದು ಹೊಳೆಯ ಬದಿಯಲ್ಲೇ ಬೆಳೆದ ನಿಮಗೆ ನಾನು ಹೇಳಬೇಕೆ? ಇಳಿತದ ಹೊತ್ತು ದಿನಕ್ಕೆ ಮುಕ್ಕಾಲು ತಾಸಿನಷ್ಟು ಮುಂದೆ ಸರಿಯುತ್ತದೆ. ಹುಣ್ಣಿಮೆ, ಅಮಾಸೆಯ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಹೋಗಿ ಕೆಸರು ತೆರೆದುಕೊಳ್ಳುತ್ತದೆ. ಇಳಿತವೂ ಒಳ್ಳೆಯ ಬೆಳಕೂ ಕೂಡಿಬರುವ ಹೊತ್ತು ತಿಂಗಳಿಗೆ ಬೆರಳೆಣಿಕೆಯಷ್ಟು. ಬರೆಯುವವನು ಮಧ್ಯಾಹ್ನ ಊಟ ಮುಗಿಸಿ ಜಗಲಿಯಲ್ಲಿ ಕೂತು ಬೆಳಗಿನದನ್ನು ನೆನಪಿಸಿಕೊಳ್ಳಬಹುದು. ಚಿತ್ರ ತೆಗೆಯುವವನಿಗೆ ಆ ಸವಲತ್ತಿಲ್ಲ, ಆ ಗಳಿಗೆಗೆ ಅವನು ಕೆಸರಿನಲ್ಲೇ ಇರಬೇಕು. ಇನ್ನು ಮಳೆಗಾಲ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಸುರಿಯುವ ಕರಾವಳಿಯಲ್ಲಿ ಲೆನ್ಸಿನ ಒಳಗೆ ಬೂಸ್ಟು ಹಿಡಿದರೆ ಮುಗಿಯಿತು. ಪುಸ್ತಕಕ್ಕೆ ಬೂಸ್ಟು ಬಂದರೆ ಒರೆಸಿ ಬಿಸಿಲಿಗಿಡಬಹುದು, ಲೆನ್ಸಿಗೆ ಆ ಮದ್ದಿಲ್ಲ. ನಿಮ್ಮ ಅಳಿಯನ ಸ್ಟುಡಿಯೋದಲ್ಲಿ ಮರದ ಪೆಟ್ಟಿಗೆಯೊಳಗೆ ಹಗಲೂ ರಾತ್ರಿ ಸಣ್ಣ ಬಲ್ಬು ಉರಿಯುತ್ತಿದ್ದರೆ ಕರೆಂಟು ದಂಡ ಎಂದು ಬೈಯಬೇಡಿ.

ಬರಹಗಾರರ ಪರವಾಗಿ ಒಂದು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ಕಗ್ಗ ಭತ್ತ ಉಪ್ಪುನೀರನ್ನು ತಾಳಿಕೊಳ್ಳುತ್ತದೆ, ಅಳಿವೆ ಬದಿಯ ಉಪ್ಪುನೀರಿನ ಗದ್ದೆಯಾದ ಗಜನಿಯ ಕಟ್ಟೆ ಒಡೆದರೆ ಊರಿಗೆ ಊರೇ ಕೂಡಬೇಕು, ಈ ಅಳಿವೆಗೆ 2024ರಲ್ಲಿ, ಜಗತ್ತಿನ ಮಹತ್ವದ ಜೌಗುಪ್ರದೇಶಗಳಿಗೆ ಕೊಡುವ ರಾಮ್ಸಾರ್ ತಾಣದ ಮನ್ನಣೆ ಸಿಕ್ಕಿತು. ಇವನ್ನು ಯಾವ ಕ್ಯಾಮೆರಾವೂ ಹೇಳಲಾರದು. ಗೆಳೆಯ ಅದನ್ನೆಲ್ಲ ಚೊಕ್ಕವಾಗಿ ಹೇಳಿದ್ದಾನೆ. ಒಪ್ಪಿದೆ, ಮುಂದೆ ಹೋಗೋಣ.

ಜೇಮ್ಸ್ ಏಜಿ ಮತ್ತು ವಾಕರ್ ಇವಾನ್ಸ್ ಎಂಬ ಇಬ್ಬರು ಅಮೆರಿಕನ್ನರ ಕಥೆ ನಿಮಗೆ ಹೇಳಬೇಕು. 1936ರ ಬೇಸಿಗೆಯಲ್ಲಿ ಪತ್ರಿಕೆಯೊಂದು ಅವರನ್ನು ಅಲಬಾಮಾದ ಗೇಣಿ ರೈತರ ಬಗ್ಗೆ ವರದಿ ಮಾಡಲು ಕಳಿಸಿತು. ಏಜಿ ಬರೆಯುವವ, ಇವಾನ್ಸ್ ಚಿತ್ರದವ. ಮೂರು ಕುಟುಂಬಗಳ ನಡುವೆ ಇದ್ದು ಬಂದರು. ಪತ್ರಿಕೆ ಆ ವರದಿ ಹಾಕಲೇ ಇಲ್ಲ. ಐದು ವರ್ಷ ಬಿಟ್ಟು, 1941ರಲ್ಲಿ, ಅದು ಪುಸ್ತಕವಾಯಿತು. ಇವಾನ್ಸನ ಚಿತ್ರಗಳನ್ನು ಎಲ್ಲಿ ಹಾಕಿದರು ಗೊತ್ತೇ? ಶೀರ್ಷಿಕೆ ಪುಟಕ್ಕಿಂತಲೂ ಮುಂಚೆ. ಕೆಳಗೆ ಒಂದು ಸಾಲಿನ ವಿವರಣೆಯೂ ಇಲ್ಲ. ಚಿತ್ರಗಳು ಬರಹಕ್ಕೆ ಅಲಂಕಾರವಲ್ಲ, ಎರಡೂ ಸರಿಸಮಾನ ಎಂದು ಮುನ್ನುಡಿಯಲ್ಲಿ ಹೇಳಿದವನು ಇವಾನ್ಸ್ ಅಲ್ಲ, ಬರಹಗಾರ ಏಜಿ! ಪುಸ್ತಕ ಆಗ ಸುಮಾರು 600 ಪ್ರತಿ ಹೋಯಿತಂತೆ. ಏಜಿ 1955ರಲ್ಲಿ, 45ನೇ ವಯಸ್ಸಿನಲ್ಲಿ ತೀರಿಕೊಂಡ. 1960ರಲ್ಲಿ ಮರುಮುದ್ರಣವಾದ ಮೇಲೆ ಲೋಕ ಅದನ್ನು ತಲೆಮೇಲೆ ಹೊತ್ತುಕೊಂಡಿತು, ಅದನ್ನು ನೋಡಲು ಅವನಿರಲಿಲ್ಲ. ಅವನ ನಾನೂರು ಪುಟ ಮೀರಿದ ಗದ್ಯವನ್ನು ಪೂರ್ತಿ ಓದಿದವರು ಎಷ್ಟಿದ್ದಾರೋ. ಹಲಗೆ ಗೋಡೆಗೆ ಬೆನ್ನು ಕೊಟ್ಟು, ತುಟಿ ಬಿಗಿಹಿಡಿದು ನಿಂತ ಹೆಂಗಸಿನ ಮುಖವನ್ನು ಮಾತ್ರ ಪುಸ್ತಕ ಮುಟ್ಟದವರೂ ಬಲ್ಲರು.

ಇನ್ನೊಂದು ಜೋಡಿ ಇಂಗ್ಲಿಷ್ ಬರಹಗಾರ ಜಾನ್ ಬರ್ಜರ್ ಮತ್ತು ಸ್ವಿಟ್ಜರ್ಲೆಂಡಿನ ಛಾಯಾಗ್ರಾಹಕ ಜೀನ್ ಮೋರ್. 1967ರಲ್ಲಿ ಇಂಗ್ಲೆಂಡಿನ ಹಳ್ಳಿ ಡಾಕ್ಟರನೊಬ್ಬನ ಬೆನ್ನುಹತ್ತಿ ಪುಸ್ತಕ ಮಾಡಿದರು. 1972ರಲ್ಲಿ ಬರ್ಜರನಿಗೆ ಬೂಕರ್ ಪ್ರಶಸ್ತಿ ಬಂತು. ಅರ್ಧ ಹಣವನ್ನು ಕರಿಯರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಹೋರಾಟಗಾರರಿಗೆ ಕೊಟ್ಟು, ಉಳಿದದ್ದನ್ನು ಯುರೋಪಿನ ವಲಸೆ ಕಾರ್ಮಿಕರ ಕುರಿತ ಪುಸ್ತಕದ ಕೆಲಸಕ್ಕೆ ತೊಡಗಿಸಿದ. ಅದೂ ಮೋರ್ ಜೊತೆಗೇ, 1975ರಲ್ಲಿ ಹೊರಬಂತು. ಪ್ರಶಸ್ತಿ ಬಂದ ಮೇಲೆ ಗೆಳೆಯನನ್ನು ಮರೆಯದ ಸಾಹಿತಿ, ನೋಡಿಕೊಳ್ಳಿ. ಮೋರ್ ಕೂಡ ಒಬ್ಬನ ಬಾಲ ಹಿಡಿದು ಕೂತವನಲ್ಲ. 1983ರಲ್ಲಿ ಜಿನೀವಾದಲ್ಲಿ ಪ್ಯಾಲೆಸ್ಟೈನ್ ಕುರಿತು ವಿಶ್ವಸಂಸ್ಥೆಯ ಸಮ್ಮೇಳನವಾದಾಗ, ಪ್ಯಾಲೆಸ್ಟೈನ್ ಮೂಲದ ಚಿಂತಕ ಎಡ್ವರ್ಡ್ ಸಯೀದ್ ಮುತುವರ್ಜಿಯಿಂದ ಅವನ ಚಿತ್ರಗಳನ್ನು ಅಲ್ಲಿ ತೂಗುಹಾಕಿದರು. ಚಿತ್ರ ಇರಲಿ, ಕೆಳಗೆ ಬರಹ ಬೇಡ ಎಂದರು ಮೇಲಿನವರು. ಸಯೀದ್ ಆ ಬರಹವನ್ನೇ ಹಿಗ್ಗಿಸಿ, ಅದೇ ಮೋರ್ ಜೊತೆ 1986ರಲ್ಲಿ ಪುಸ್ತಕ ತಂದರು. ಅಧಿಕಾರಸ್ಥರು ಹೆದರಿದ್ದು ಅಕ್ಷರಕ್ಕೆ ಎಂದು ನೀವು ವಾದಿಸಬಹುದು. ವಾದಿಸಿ, ನಿಮ್ಮ ಪಕ್ಷಕ್ಕೆ ನಾನು ಕೊಡಬಲ್ಲ ಸಾಕ್ಷಿ ಅದೊಂದೇ.

ದೂರದ ಮಾತು ಬೇಡವೆಂದರೆ ನಮ್ಮ ವನ್ಯಜೀವಿ ಛಾಯಾಗ್ರಾಹಕರು ಕೃಪಾಕರ–ಸೇನಾನಿ ಇದ್ದಾರಲ್ಲ. ಕಾಡಿನ ಚಿತ್ರವಿರಲಿ, ಸಿನಿಮಾ ಇರಲಿ, 1997ರಲ್ಲಿ ವೀರಪ್ಪನ್ ಹೊತ್ತೊಯ್ದು 14 ದಿನ ಇಟ್ಟುಕೊಂಡ ಅನುಭವದ ಪುಸ್ತಕವಿರಲಿ, ಎರಡು ಹೆಸರು ಒಂದೇ ಉಸಿರಿನಲ್ಲಿ ಬರುತ್ತವೆ. ತೇಜಸ್ವಿಯವರ ಮಾತು ಬೇರೆ. ಹಕ್ಕಿಗೆ ಕ್ಯಾಮೆರಾ ಹಿಡಿದವರೂ ಅವರೇ, ಬರೆದವರೂ ಅವರೇ, ಜಗಳಕ್ಕೆ ಆಸ್ಪದವೇ ಇರಲಿಲ್ಲ. ಎಲ್ಲರಿಗೂ ಎರಡು ಕೈಚಳಕ ಇರುವುದಿಲ್ಲವಲ್ಲ!

ಚಿತ್ರದವನನ್ನು ಒಂದು ಮೆಟ್ಟಿಲು ಕೆಳಗೆ ಕೂರಿಸುವುದು ನಿಮ್ಮೊಬ್ಬರ ಚಾಳಿಯಲ್ಲ, ಸರ್ಕಾರದ ಕಾಯ್ದೆಯಲ್ಲೇ ಅದಿತ್ತು. ಬರೆದವನ ಕೃತಿಸ್ವಾಮ್ಯ ಅವನು ಬದುಕಿರುವಷ್ಟು ಕಾಲ, ಸತ್ತ ಮೇಲೂ 60 ವರ್ಷ. ಛಾಯಾಚಿತ್ರಕ್ಕೆ ಪ್ರಕಟವಾದಂದಿನಿಂದ ಬರೀ 60. 2012ರ ತಿದ್ದುಪಡಿ ಬರುವವರೆಗೆ ಇದೇ ನಡೆಯಿತು. ಈಗಲೂ, ಬೇರೆ ಕರಾರು ಇಲ್ಲದೆ ಯಾರಾದರೂ ದುಡ್ಡು ಕೊಟ್ಟು ಚಿತ್ರ ತೆಗೆಸಿದರೆ ಅದರ ಮೊದಲ ಹಕ್ಕುದಾರ ದುಡ್ಡು ಕೊಟ್ಟವನೇ. ನಿಮ್ಮ ಅಳಿಯನಿಗೆ ಯಾರೂ ಕೊಟ್ಟಿಲ್ಲ, ಹಾಗಾಗಿ ಚಿತ್ರಗಳು ಅವನವೇ. ಎರಡನೇ ಪುಸ್ತಕಕ್ಕೆ ಮೊದಲು ಇಬ್ಬರೂ ಒಂದು ಕಾಗದದ ಮೇಲೆ ಸಹಿ ಹಾಕಿಕೊಳ್ಳಲಿ: ಹೆಸರು ಎಲ್ಲಿ, ಎಷ್ಟು ದಪ್ಪ, ಗೌರವಧನದಲ್ಲಿ ಯಾರಿಗೆಷ್ಟು. ಗೆಳೆತನದಲ್ಲಿ ಕಾಗದ ಯಾಕೆ ಎನ್ನಬೇಡಿ. ತೋಟದ ಗಡಿಕಲ್ಲು ಹಾಕುವಾಗ ಅಣ್ಣತಮ್ಮಂದಿರೂ ಸಹಿ ಮಾಡುತ್ತಾರೆ.

ಯಕ್ಷಗಾನದ ಜಿಲ್ಲೆಯವರು ನಾವು. ಆಟದ ಹ್ಯಾಂಡ್‌ಬಿಲ್ಲಿನಲ್ಲಿ ಹಾಡುವ, ನುಡಿಸುವ ಹಿಮ್ಮೇಳದವರ ಹೆಸರು ಮೊದಲು, ವೇಷ ಕಟ್ಟುವ ಮುಮ್ಮೇಳದವರದ್ದು ಆಮೇಲೆ. ಕಿರೀಟ ಕಟ್ಟದ ಭಾಗವತರನ್ನು ಮೊದಲನೇ ವೇಷವೆನ್ನುವ ಊರಿನಲ್ಲಿ ಪುಸ್ತಕದ ಹೊತ್ತಿಗೆ ಆ ಮರ್ಯಾದೆ ಎಲ್ಲಿ ಹೋಗುತ್ತದೆ? ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಠಾಗೋರರ ಹೆಸರಿದೆ. ಯೌವನದಲ್ಲಿ ಇಲ್ಲಿ ಕೆಲಕಾಲ ಇದ್ದು ಒಂದು ನಾಟಕ ಬರೆದರೆಂದು ಪ್ರತಿ ಭಾಷಣದಲ್ಲೂ ಕೇಳುತ್ತೇವೆ. ಸಂತೋಷವೇ. ಬರೆದವರಿಗೆ ಕಡಲತೀರ, ಚಿತ್ರ ತೆಗೆದವರಿಗೆ ಡಿಟಿಪಿ ಕೆಳಗಿನ ಸಾಲು!

2021ರ ನವೆಂಬರಿನಲ್ಲಿ ಅಂಕೋಲೆ ಹೊನ್ನಳ್ಳಿಯ ಗಿಡ ಬೆಳೆಸಿ ಹೆಸರಾದ ತುಳಸಿ ಗೌಡರು ತಮ್ಮ ಹಾಲಕ್ಕಿ ಸಮುದಾಯದ ಉಡುಗೆಯಲ್ಲಿ, ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದರು. ಆ ಚಿತ್ರ ನೋಡಿ ಎಷ್ಟು ಜನ ಕವಿತೆ ಬರೆದರು! ನಮ್ಮ ಕಚೇರಿಗೇ ಕಟ್ಟುಗಟ್ಟಲೆ ಬಂದವು. ಚಿತ್ರ ತೆಗೆದವರು ಯಾರೆಂದು ಒಬ್ಬ ಕವಿಯೂ ವಿಚಾರಿಸಲಿಲ್ಲ. ಈಗಂತೂ ಕನ್ನಡದ ಪತ್ರಿಕೆ, ಪುಸ್ತಕಗಳಲ್ಲಿ 'ಚಿತ್ರಕೃಪೆ: ಅಂತರ್ಜಾಲ' ಎಂದು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಅಂತರ್ಜಾಲ ಯಾವತ್ತು ಅಳಿವೆ ಬದಿಯ ತದಡಿಯ ಕೆಸರಿಗಿಳಿದಿತ್ತು? ಅದೇ ಒಂದು ಚೌಪದಿಯನ್ನು 'ಕೃಪೆ: ಅಂತರ್ಜಾಲ' ಎಂದು ಅಚ್ಚು ಹಾಕಿ ನೋಡಿ, ಕವಿ ಮರುದಿನವೇ ವಕೀಲರ ನೋಟಿಸು ಕಳಿಸುತ್ತಾರೆ. ಗ್ರಂಥಾಲಯಗಳಿಗಾಗಿ ಸರ್ಕಾರ ಮಾಡುವ ಸಗಟು ಖರೀದಿಯ ಕಥೆ ಇನ್ನೂ ಚಂದ. ಅಲ್ಲಿ ಪುಸ್ತಕಕ್ಕೆ ಪುಟದ ಲೆಕ್ಕದಲ್ಲಿ ಬೆಲೆ. ಆರ್ಟ್ ಪೇಪರಿನ ಮೇಲೆ ಬಣ್ಣದಲ್ಲಿ ಅಚ್ಚಾದ ಪುಟಕ್ಕೆ ಎಷ್ಟು ಖರ್ಚು ಬೀಳುತ್ತದೆಂದು ಆ ಲೆಕ್ಕ ಬರೆದವರು ಪ್ರೆಸ್ಸಿಗೆ ಹೋಗಿ ಕೇಳಿದ್ದರೆ ಒಳ್ಳೆಯದಿತ್ತು. ಪ್ರಕಾಶಕ ಕೊನೆಗೆ ಏನು ಮಾಡುತ್ತಾನೆ? ಚಿತ್ರ ಕಡಿಮೆ ಮಾಡುತ್ತಾನೆ, ಉಳಿದದ್ದನ್ನು ಕಪ್ಪುಬಿಳುಪಿಗೆ ಇಳಿಸುತ್ತಾನೆ. ಅಳಿಯನ ಜರಿಯಂಚು ಆಗ ಕಪ್ಪು ಗೀಟಾಗುತ್ತದೆ.

ಅವನ ದುಡಿಮೆಯ ಬಗ್ಗೆಯೂ ನೀವು ಬರೆದಿದ್ದೀರಿ: "ಮದುವೆ ಸೀಸನ್ ಬಿಟ್ಟು ಹೊಳೆ ದಂಡೆಯಲ್ಲಿ ಅಲೆಯುತ್ತಾನೆ." ಮದುವೆಯ ಆಲ್ಬಮ್ಮು ಅವನ ಅನ್ನ, ಬಿಡಬಾರದು, ಅಲ್ಲಿ ನಿಮ್ಮ ಮಾತು ಸರಿ. ಆದರೆ ಗೆಳೆಯನೂ ಬ್ಯಾಂಕಿನ ನೌಕರಿ ಬಿಟ್ಟು ಬರೆದವನಲ್ಲ ಎಂದು ನಿಮ್ಮ ಪತ್ರದಿಂದಲೇ ತಿಳಿಯಿತು. ಅವನ ಬಿಡುವಿಗೆ ಸಾಹಿತ್ಯ ಸೇವೆ ಎಂಬ ಹೆಸರು, ಇವನ ಬಿಡುವಿಗೆ ಅಲೆದಾಟ. ವಿದ್ಯಾರ್ಥಿಗಳ ನಡುವೆ ಹೀಗೆ ತಾರತಮ್ಯ ಮಾಡುವವರಲ್ಲ ನೀವು, ಅಳಿಯನೆಂಬ ಸಲಿಗೆಯಿಂದ ಬರೆದಿರಬೇಕು.

ಗೆಳೆಯನ ಮೇಲೂ ನನಗೆ ಕೋಪವಿಲ್ಲ. ಅಚ್ಚಾಗುವ ಮುಂಚೆ ಮುಖಪುಟದ ಪ್ರೂಫು ಅವನ ಕೈಗೆ ಬಂದಿರುತ್ತದೆ, ಅಲ್ಲೊಂದು ಗೆರೆ ಎಳೆದು ಹೆಸರು ಸೇರಿಸಬಹುದಿತ್ತು, ಅಷ್ಟೇ. ಮುಂದಿನ ಮುದ್ರಣಕ್ಕೆ ಈಗಲೇ ಪ್ರಕಾಶಕರಿಗೆ ಒಂದು ಸಾಲು ಬರೆಯಲಿ.

ಬೆಳಚಿನ ಅಧ್ಯಾಯದ ಚಿತ್ರಗಳನ್ನು ನಮ್ಮ ಮುಂದಿನ ಸಂಚಿಕೆಯ ನಡುಪುಟಗಳಲ್ಲಿ ಹಾಕುವ ಮನಸ್ಸಿದೆ. ಅಳಿಯನಿಗೆ ಹೇಳಿ, ಲೇಖನಕ್ಕೆ ಕೊಡುವ ಸಂಭಾವನೆಯನ್ನೇ ಚಿತ್ರಕ್ಕೂ ಕೊಡುತ್ತೇವೆ. ಆ ಹೆಂಗಸರು ಕೆಲಸದ ನಡುವೆ ಆಡಿದ ಮಾತು ನೆನಪಿದ್ದರೆ ಅವರ ಧಾಟಿಯಲ್ಲೇ ಬರೆದು ಕಳಿಸಲಿ, ಗೆಳೆಯ ತಿದ್ದಿ ಕೊಟ್ಟರೂ ಅಡ್ಡಿಯಿಲ್ಲ. ಚಿತ್ರಗಳನ್ನು ಮಾತ್ರ ವಾಟ್ಸಾಪಿನಲ್ಲಿ ಕಳಿಸಬೇಡಿ, ಅದು ಕುಗ್ಗಿಸಿಬಿಡುತ್ತದೆ. ಮೂಲ ಫೈಲುಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿ ಸ್ಪೀಡ್ ಪೋಸ್ಟ್ ಮಾಡಿ.