ಅಣ್ವಸ್ತ್ರದ ಹಡಗು ಬೇಡ ಅಂದ ಮೇಲೆ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಅಣ್ವಸ್ತ್ರ ಬೇಡ ಅಂತ ಹಠ ಹಿಡಿದು ನ್ಯೂಜಿಲೆಂಡ್ ಅಮೆರಿಕದ ಸೇನಾ ಕೂಟ ಬಿಟ್ಟು ಹೊರಬಂತು. ಅಷ್ಟು ಸಣ್ಣ ದೇಶಕ್ಕೆ ಅದು ಬೇಕಿತ್ತಾ? ಕೊನೆಗೆ ಕಳೆದುಕೊಂಡಿದ್ದೇನು?"

ಒಳ್ಳೆಯ ಪ್ರಶ್ನೆ. ಆದರೆ ನ್ಯೂಜಿಲೆಂಡ್ ತಾನಾಗಿ ಹೊರಬರಲಿಲ್ಲ. 1951ರಲ್ಲಿ ಅಮೆರಿಕ, ಆಸ್ಟ್ರೇಲಿಯಾಗಳ ಜೊತೆ ಮಾಡಿಕೊಂಡ ಆನ್‌ಜಸ್ ಒಪ್ಪಂದಕ್ಕೆ ಅದು ಇಂದಿಗೂ ರಾಜೀನಾಮೆ ಕೊಟ್ಟಿಲ್ಲ. 1984ರಲ್ಲಿ ಪ್ರಧಾನಿಯಾದ ಡೇವಿಡ್ ಲಾಂಗಿ ಅವರಿಗೆ ಕೂಟವೂ ಬೇಕಿತ್ತು, ಅಣ್ವಸ್ತ್ರವಿಲ್ಲದ ಬಂದರುಗಳೂ ಬೇಕಿದ್ದವು. ಜನರಲ್ಲೂ ಬಹುಪಾಲು ಮಂದಿ ಎರಡನ್ನೂ ಬಯಸಿದ್ದರು. ಅದು ಗೊಂದಲ ಅನ್ನಿಸಬಹುದು, ನನಗೆ ಹಾಗೆ ಅನ್ನಿಸುವುದಿಲ್ಲ. ಫ್ರಾನ್ಸ್ 1966ರಿಂದ ದಕ್ಷಿಣ ಪೆಸಿಫಿಕ್‌ನ ಮುರುರೋವಾ ಹವಳದ ದ್ವೀಪದಲ್ಲಿ ಪರೀಕ್ಷೆಗೆಂದು ಅಣುಬಾಂಬ್ ಸಿಡಿಸುತ್ತಿತ್ತು. 1973ರಲ್ಲಿ ಪ್ರಧಾನಿ ನಾರ್ಮನ್ ಕರ್ಕ್ ಪ್ರತಿಭಟನೆಗೆಂದು ಅಲ್ಲಿಗೆ ಯುದ್ಧನೌಕೆಗಳನ್ನೇ ಕಳಿಸಿದರು, ಜೊತೆಗೆ ಒಬ್ಬ ಮಂತ್ರಿಯನ್ನೂ. ಲಾಂಗಿ ಬರುವ ಎಷ್ಟೋ ಮೊದಲೇ ಈ ಸಿಟ್ಟು ಜನರಲ್ಲಿತ್ತು.

ಜಗಳ ಹತ್ತಿದ್ದು 1985ರ ಆರಂಭದಲ್ಲಿ. ಅಮೆರಿಕ 'ಬುಕಾನನ್' ಎಂಬ ಹಡಗನ್ನು ಕಳಿಸುತ್ತೇವೆ ಅಂದಿತು. ಅದು ಎಣ್ಣೆಯಿಂದ ಓಡುವ ಹಡಗು, ಅಣುಶಕ್ತಿಯದ್ದಲ್ಲ. ಆದರೆ ಅಣ್ವಸ್ತ್ರ ಹೊರಬಲ್ಲದು. ಅದರಲ್ಲಿ ಈಗ ಅಣ್ವಸ್ತ್ರ ಇದೆಯಾ ಅಂದರೆ ಅಮೆರಿಕ ಹೇಳುವುದಿಲ್ಲ. ಯಾವ ಹಡಗಿನಲ್ಲೂ ಇದೆ ಅಂತಲೂ ಹೇಳಬಾರದು, ಇಲ್ಲ ಅಂತಲೂ ಹೇಳಬಾರದು ಎಂಬುದೇ ಅವರ ನೌಕಾಪಡೆಯ ನಿಯಮ. ಇಲ್ಲ ಅನ್ನುವ ಖಾತ್ರಿ ಸಿಗದೆ ಬರಗೊಡುವುದಿಲ್ಲ ಅಂತ ನ್ಯೂಜಿಲೆಂಡ್‌ನ ರಾಜಧಾನಿ ವೆಲಿಂಗ್ಟನ್ ಪಟ್ಟು ಹಿಡಿಯಿತು. ಎರಡು ನಿಯಮಗಳ ನಡುವೆ ದಾರಿಯೇ ಉಳಿಯಲಿಲ್ಲ. ಅಮೆರಿಕಕ್ಕೆ ಆ ಒಂದು ಹಡಗಿನ ಚಿಂತೆ ಇರಲಿಲ್ಲ. ಇವರಿಗೆ ಬಿಟ್ಟುಕೊಟ್ಟರೆ ನಾಳೆ ಜಪಾನ್, ಯುರೋಪಿನ ಮಿತ್ರರೂ ಇದನ್ನೇ ಕೇಳಿದರೆ ಏನು ಗತಿ ಅನ್ನುವ ಭಯ ಇತ್ತು. ಶಿಕ್ಷೆ ಅಷ್ಟು ಗಟ್ಟಿಯಾಗಿ ಬಿದ್ದಿದ್ದು ಅದಕ್ಕೇ.

ಅದೇ ವರ್ಷ ಜುಲೈ 10ರಂದು ಫ್ರಾನ್ಸ್‌ನ ಗೂಢಚಾರರು ನ್ಯೂಜಿಲೆಂಡ್‌ನ ಆಕ್ಲೆಂಡ್ ಬಂದರಿನಲ್ಲಿ, ಮುರುರೋವಾ ಪರೀಕ್ಷೆಗಳ ವಿರುದ್ಧ ಪ್ರತಿಭಟಿಸಲು ಹೊರಟಿದ್ದ ಪರಿಸರ ಸಂಘಟನೆ ಗ್ರೀನ್‌ಪೀಸ್‌ನ 'ರೇನ್‌ಬೋ ವಾರಿಯರ್' ಹಡಗಿಗೆ ಬಾಂಬ್ ಇಟ್ಟು ಮುಳುಗಿಸಿದರು. ಫರ್ನಾಂಡೊ ಪೆರೇರಾ ಎಂಬ ಛಾಯಾಗ್ರಾಹಕ ಸತ್ತರು. ಮಿತ್ರ ದೇಶವೊಂದು ಮನೆ ಬಾಗಿಲಿಗೇ ಬಂದು ಇಂಥ ಕೆಲಸ ಮಾಡಿದ ಮೇಲೆ ಹಿಂದೆ ಸರಿಯಿರಿ ಅಂದರೆ ಯಾರು ಕೇಳುತ್ತಾರೆ? 1986ರ ಆಗಸ್ಟ್‌ನಲ್ಲಿ, ನ್ಯೂಜಿಲೆಂಡ್ ರಕ್ಷಣೆಯ ಹೊಣೆ ಇನ್ನು ನಮ್ಮದಲ್ಲ ಅಂತ ಅಮೆರಿಕ ಘೋಷಿಸಿತು. 1987ರ ಜೂನ್‌ನಲ್ಲಿ ವೆಲಿಂಗ್ಟನ್ ತನ್ನ ನೀತಿಯನ್ನು ಕಾನೂನೇ ಮಾಡಿತು: ಅಣ್ವಸ್ತ್ರದ ಹಡಗಷ್ಟೇ ಅಲ್ಲ, ಅಣುಶಕ್ತಿಯಿಂದ ಓಡುವ ಹಡಗೂ ಬೇಡ.

ಕಳೆದುಕೊಂಡಿದ್ದು ಕಮ್ಮಿಯೇನಲ್ಲ. ಜಂಟಿ ಸಮರಾಭ್ಯಾಸ ನಿಂತಿತು. ಅಮೆರಿಕದಿಂದ ಬರುತ್ತಿದ್ದ ಗುಪ್ತಚರ ಮಾಹಿತಿಗೂ ಕತ್ತರಿ ಬಿತ್ತು. ಆದರೆ ನಂಟು ಪೂರ್ತಿ ಕಡಿಯಲಿಲ್ಲ. ಆಸ್ಟ್ರೇಲಿಯಾಗೆ ಈ ನೀತಿ ಹಿಡಿಸಲಿಲ್ಲ, ಆದರೂ ಕೈಬಿಡಲಿಲ್ಲ. ಕದ್ದಾಲಿಸಿದ ಸಂದೇಶಗಳನ್ನು ಹಂಚಿಕೊಳ್ಳುವ ಐದು ದೇಶಗಳ ಗುಂಪಿನಲ್ಲಿ ನ್ಯೂಜಿಲೆಂಡ್ ಉಳಿಯಿತು. 1989ರಲ್ಲಿ ವೈಹೊಪೈನಲ್ಲಿ ಅದಕ್ಕೆಂದೇ ಹೊಸ ಕೇಂದ್ರವೂ ಶುರುವಾಯಿತು. ಅಫ್ಘಾನಿಸ್ತಾನದಲ್ಲಿ ಅದರ ಸೈನಿಕರು ಅಮೆರಿಕದವರ ಜೊತೆಗೇ ಹೋರಾಡಿದರು. 2016ರ ನವೆಂಬರ್‌ನಲ್ಲಿ ಅಮೆರಿಕದ 'ಸ್ಯಾಂಪ್ಸನ್' ಯುದ್ಧನೌಕೆ ಬಂತು, ಭೂಕಂಪವಾದ ಕೈಕೌರಾಗೆ ನೆರವಿಗೂ ಹೋಯಿತು. ಕಾನೂನು ಮಾತ್ರ ಇದ್ದಲ್ಲೇ ಇತ್ತು.

ಬೇಕಿತ್ತಾ ಅಂದರೆ, ಬೇಕಿತ್ತು ಅಂತಲೇ ನಾನು ಹೇಳುತ್ತೇನೆ. ಬೆಲೆ ತೆರಬೇಕಾದೀತು ಅಂತ ಗೊತ್ತಿದ್ದೂ ಆ ಜನ ಮುಂದೆ ಹೋದರು. ಆದರೆ ಇದೇ ಧೈರ್ಯವನ್ನು ದಕ್ಷಿಣ ಕೊರಿಯಾದಿಂದಲೋ ಪೋಲೆಂಡ್‌ನಿಂದಲೋ ಕೇಳುವುದು ನ್ಯಾಯವಲ್ಲ. ನ್ಯೂಜಿಲೆಂಡ್ ಸುತ್ತ ಸಮುದ್ರ, ಹತ್ತಿರದ ದೊಡ್ಡ ನೆರೆ ಅಂದರೆ ಆಸ್ಟ್ರೇಲಿಯಾ. ಶತ್ರು ಗಡಿಯಲ್ಲೇ ನಿಂತಿರುವ ದೇಶದ ಲೆಕ್ಕವೇ ಬೇರೆ, ಅಲ್ವಾ?

2021ರಲ್ಲಿ ಆಸ್ಟ್ರೇಲಿಯಾ ಅಣುಶಕ್ತಿಯ ಜಲಾಂತರ್ಗಾಮಿಗಳಿಗಾಗಿ ಅಮೆರಿಕ, ಬ್ರಿಟನ್ ಜೊತೆ ಆಕಸ್ ಒಪ್ಪಂದ ಮಾಡಿಕೊಂಡಿತು. ಅವು ನಮ್ಮ ನೀರಿಗೆ ಬರುವಂತಿಲ್ಲ ಅಂತ ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ತಕ್ಷಣವೇ ಹೇಳಿದರು. ಕಷ್ಟದ ದಿನಗಳಲ್ಲಿ ಕೈಬಿಡದ ನೆರೆಯವರಿಗೇ ಹೀಗೆ ಹೇಳಬೇಕಾಗಿ ಬಂದಿದ್ದು ಈ ಕಾನೂನಿಗೆ 'ಬುಕಾನನ್'ಗಿಂತ ಕಷ್ಟದ ಪರೀಕ್ಷೆ ಅನ್ನಿಸುತ್ತದೆ ನನಗೆ.