ಒಂದು ಗಂಟೆಯ ನಾಯ್ಸ್ ಸಂಗೀತದ (ಗದ್ದಲವನ್ನೇ ಸಂಗೀತವಾಗಿಸುವ ಬಗೆ) ಲೈವ್ ರೆಕಾರ್ಡಿಂಗ್‌ನಲ್ಲಿ ಕೇಳುವುದಕ್ಕೆ ಏನಿದೆ?

ರಾಗ, ತಾಳ ಹುಡುಕಬೇಡಿ, ಸಿಗುವುದಿಲ್ಲ. ಸದ್ದುಗಳನ್ನು ಬೆರೆಸುವ ಆಡಿಯೊ ಮಿಕ್ಸರ್‌ನ ಔಟ್‌ಪುಟ್ಟನ್ನು ಅದರ ಇನ್‌ಪುಟ್ಟಿಗೇ ಕೊಟ್ಟರೆ ಸದ್ದು ತನ್ನನ್ನೇ ತಿಂದು ಬೆಳೆಯುತ್ತದೆ. ನಾಬ್ ಕೂದಲೆಳೆಯಷ್ಟು ತಿರುಗಿದರೂ ಗುಂಯ್‌ಗುಡುತ್ತಿದ್ದದ್ದು ಕಿರುಚತೊಡಗುತ್ತದೆ. ಮುಂದೇನೆಂದು ನುಡಿಸುವವರಿಗೂ ಪೂರ್ತಿ ಗೊತ್ತಿರುವುದಿಲ್ಲ. ಆ ಹುಡುಕಾಟವೇ ಕಛೇರಿ. ಮೈಸೂರಿನ ವಿ.ವಿ. ಮೊಹಲ್ಲಾ 8ನೇ ಕ್ರಾಸ್ ಗಣೇಶನ ಪೆಂಡಾಲಿನಲ್ಲಿ ದೀರ್ಘ ಆಲಾಪನೆ ಕೇಳಿ ಬೆಳೆದ ನಮಗೆ ಮನೋಧರ್ಮ, ಅಂದರೆ ಆ ಕ್ಷಣಕ್ಕೆ ಹೊಳೆದದ್ದನ್ನು ಹಾಡುವುದು, ಹೊಸದೇನಲ್ಲ. ಇಲ್ಲಿ ರಾಗದ ಬೇಲಿ ಇಲ್ಲ, ಅಷ್ಟೆ. ಯಂತ್ರದ ಸದ್ದೂ ಸಂಗೀತವಾಗಲಿ ಎಂದು ಇಟಲಿಯ ಲುಯಿಜಿ ರುಸ್ಸೊಲೊ 1913ರಲ್ಲೇ ಬರೆದಿದ್ದ. ಜಪಾನಿನ ನಾಯ್ಸ್ ಕಲಾವಿದ ಮೆರ್ಜ್‌ಬೋ ಅದನ್ನು ಕಿವಿ ಕಿತ್ತುಹೋಗುವ ಮಟ್ಟಕ್ಕೆ ಒಯ್ದರು. ಮೊಬೈಲ್ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ, ತಳದ ಗುಡುಗೆಲ್ಲ ಮಾಯವಾಗಿ ಮಿಕ್ಸಿ ತಿರುಗಿದಂತಿರುತ್ತದೆ. ಹೆಡ್‌ಫೋನಿನಲ್ಲಿ, ವಾಲ್ಯೂಮ್ ತಗ್ಗಿಸಿ, ಮೊದಲ ಸಲಕ್ಕೆ ಹತ್ತು ನಿಮಿಷ ಸಾಕು.