ಚುಚ್ಚೋ ಕಂಬಳಿಗೆ ಅಷ್ಟ್ಯಾಕ ರೊಕ್ಕ ಅಂದ ಬೆಂಗಳೂರ ದೋಸ್ತಗ

"ಇಷ್ಟು ಚುಚ್ಚೋ ಕಂಬಳಿಗೆ ಅಷ್ಟೊಂದು ರೇಟಾ? ಅಂದ್ಹಾಗೆ ನೀವು ಮಹಾರಾಷ್ಟ್ರದವ್ರಲ್ವಾ?" ಅಂತ ಕೇಳಿದಿ.

ಎರಡನೇದಕ್ಕ ಮೊದಲ ಹೇಳತೀನಿ. ನಮ್ಮ ಜತ್ತ ತಾಲೂಕು ಮಹಾರಾಷ್ಟ್ರದ ಸಾಂಗಲಿ ಜಿಲ್ಲಾದಾಗ ಐತಿ, ಖರೆ. ಮನ್ಯಾಗ, ಹಟ್ಟ್ಯಾಗ ಆಡೂದು ಕನ್ನಡ. ಸಂತ್ಯಾಗ ಕಂಬಳಿಗೆ ಘೋಂಗಡಿ ಅಂತಾರ, ಕುರಿಗಾರರ ದೇವರು ಬೀರಪ್ಪಗ ಬಿರೋಬಾ ಅಂತಾರ. ಕುರಿಗೇನ ಗಡಿ ಗೊತ್ತೈತೇನು?

ಇನ್ನ ಚುಚ್ಚೂದು. ಮೆರಿನೊ ಅನ್ನೂ ಮೆತ್ತನ್ನ ಉಣ್ಣಿ ಕುರಿದು ಎಳಿ ದಪ್ಪ 20 ಮೈಕ್ರಾನ್ (ಮಿಲಿಮೀಟರಿನ ಸಾವಿರದಾಗ ಒಂದು ಪಾಲು ಅಂದ್ರ ಒಂದು ಮೈಕ್ರಾನ್) ಆಸುಪಾಸು, ನಮ್ಮ ದಖ್ಖನಿ ಕರೀ ಕುರಿದು 50ರ ಹತ್ರ. ಚುಚ್ಚದ ಏನ ಮಾಡೀತು? ಅದೇನ ಶಾಲಲ್ಲ, ಅಡವ್ಯಾಗ ಹಾಸಾಕ, ಮಳ್ಯಾಗ ಕೊಪ್ಪಿ ಹಾಕ್ಕೊಳ್ಳಾಕ.

ವರ್ಷಕ್ಕ ಎರಡ ಸಲ ಕತ್ತರಸೂದು, ಹಿಂಜೂದು, ರಾಟಿಮ್ಯಾಲ ನೂಲೂದು, ಅದೆಲ್ಲಾ ಬಿಡು. ತೊಡಕಿರೂದು ಹಾಸಿನ ನೂಲಿನಾಗ, ಅಂದ್ರ ಮಗ್ಗಕ್ಕ ಉದ್ದಕ ಬಿಗಿಯೂ ನೂಲಿನಾಗ. ಕೈನೂಲು ಒಂಟಿ ಎಳಿ, ಮೈತುಂಬ ರೋಮ. ಹಂಗ ಕುಣಿಮಗ್ಗಕ್ಕ ಏರಿಸಿದ್ರ ಹಣಗಿ (ಎಳಿ ತೂರಿಸೂ ಬಾಚಣಿಕಿಯಂಥಾದ್ದು) ಹಲ್ಲಿಗೆ ತಿಕ್ಕಿ ಹರೀತೈತಿ. ಅದಕ್ಕ ಹುಣಸಿಬೀಜ ಹುರದು, ಸಿಪ್ಪಿ ತಗದು, ನೆನಸಿ, ಅರದು, ಗಂಜಿ ಕುದಸತಾರ. ಹಾಸು ಬಯಲಾಗ ಬಿಗದು ಕುಂಚದಲೆ ತೀಡತಾರ. ಗಂಜಿ ತೆಳ್ಳಗಾದ್ರ ರೋಮ ಮಲಗೂದಿಲ್ಲ. ಮಂದಾದ್ರ ಎಳಿ ಒಂದಕ್ಕೊಂದು ಅಂಟಿ, ಒಣಗಿದಮ್ಯಾಲ ಪಟಪಟ ಮುರೀತಾವ. ಮೋಡ ಕವಿದ್ರ ಬೂಸರ.

ಗಂಜಿ ಹದಾ ಬಂದ್ರೂ ಈಗ ನೂಲ ನಿಲ್ಲವಲ್ದು. ಹಿಂಡಿನಾಗ ಮಾಡಗ್ಯಾಳ ತಳಿ ಟಗರು ಹೊಕ್ಕೈತಿ. ಬಿಳಿ ಮೈಮ್ಯಾಲ ಕಂದು ಮಚ್ಚಿ, ಗಿಣಿಮೂಗು, ಎತ್ತರದ ಆಳು; ಮರಿ ಲಗೂನ ತೂಕ ಹಿಡೀತೈತಿ, ಮಾಂಸಕ್ಕ ರೊಕ್ಕ ಬರತೈತಿ. ಮೈಮ್ಯಾಲ ಮಾತ್ರ ಉಣ್ಣಿ ಅಲ್ಲ, ಕೂದಲ. ಬೆರಕಿ ಮರಿ ತುಪ್ಪಟದಾಗ ಆ ಬಿರುಸು ಕೂದಲ ಬೆರತು ಬರತೈತಿ. ಅದಕ್ಕ ಹುರಿ ಹಿಡಿಯೂದಿಲ್ಲ, ಜಾರಿ ಉದರತೈತಿ, ನೂಲ ಅಲ್ಲೇ ಹರೀತೈತಿ. ಕುರಿಗಾರನ್ನ ಬೈಯೂಣು ಅಂದ್ರ, ಉಣ್ಣಿ ಮಾರಿದ ರೊಕ್ಕ ಕತ್ತರಿಸಿದ ಕೂಲಿಗೂ ಸಾಲೂದಿಲ್ಲ. ಹೋಗ್ಲಿ, ಮಾಡಗ್ಯಾಳ ಅನ್ನೂ ಊರಿಗಾದ್ರೂ ಬೈಯೂಣು ಅಂದ್ರ, ಅದು ನಮ್ಮ ಜತ್ತ ತಾಲೂಕಿಂದ!

ನೀ ಫೋಟೋದಾಗ ತೋರಿಸಿದ ಅಗ್ಗದ್ದು ಪಾಣಿಪತ್ತಿಂದು ಇದ್ದೀತು. ಅಲ್ಲಿ ಹಳೇ ಸ್ವೆಟರ್ ಹರದು, ಚಿಂದಿ ಹಿಂಜಿ, ಮತ್ತ ನೂಲ ತಗೀತಾರ. 1813ರಾಗ ಇಂಗ್ಲೆಂಡಿನ ಬ್ಯಾಟ್ಲಿಯೊಳಗ ಶುರುವಾದ ವಿದ್ಯಾ ಅದು. ಮೆತ್ತಗಿರತೈತಿ, ಹೊಚ್ಕೊಂಡು ಮಲ್ಕೋ. ಕಂಬಳಿ ಅನಬ್ಯಾಡ, ಅಷ್ಟ.

ಖರೇ ಕಂಬಳಿ ತಗೊಂಡಿ ಅಂದ್ರ ಬಿಸಿನೀರಾಗ ಹಾಕಿ ತಿಕ್ಕಬ್ಯಾಡ; ಮುದುಡಿ ದಪ್ಪಾಗಿ ಕುಂತು, ಆಮ್ಯಾಲ ಕಾಲಮುಚ್ಚಾಕೂ ಸಾಲೂದಿಲ್ಲ.